ಗೊತ್ತಿದ್ದೇ ತಂದದ್ದು

"ಗೊತ್ತಿದ್ದೇ ತಂದದ್ದು ಸಾರ್. ಇನ್ನೆಷ್ಟು ಸಲ ಹೇಳಲಿ?" ಎಂದಳು ಮುದುಕಿ.

ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. ಗತಿಯಿಲ್ಲದವರಿಗೆಂದು ಸರ್ಕಾರ ಗೊತ್ತುಮಾಡುವ ಪುಕ್ಕಟೆ ವಕೀಲರು ಅವರು. ಇಪ್ಪತ್ತಾರು ವರ್ಷಗಳಿಂದ 'ನನಗೇನೂ ಗೊತ್ತಿಲ್ಲ' ಎನ್ನುವವರನ್ನು ಕೇಳಿ ಕೇಳಿ ಕಿವಿ ತೂತಾಗಿತ್ತು. ಗೊತ್ತು, ಗೊತ್ತು ಎಂದು ಹಟ ಹಿಡಿದವಳು ಇವಳೊಬ್ಬಳೇ. ಸಾಲದ್ದಕ್ಕೆ ಈ ಜೈಲಿಗೆ ಬರುವುದೇ ಒಂದು ಶಿಕ್ಷೆ. ಹೋದ ತಿಂಗಳು ಹೆಂಗಸರ ವಿಭಾಗದಲ್ಲಿ ಒಬ್ಬಳು ನೋಡುವವರಿಲ್ಲದೆ ಸತ್ತು, ಅದು ಪತ್ರಿಕೆಯಲ್ಲಿ ಬಂದು, ಅಂದಿನಿಂದ ನೆಂಟರ ಭೇಟಿಯನ್ನೇ ನಿಲ್ಲಿಸಿದ್ದರು. ವಕೀಲರನ್ನೂ ಬೆಂಚಿನ ಮೇಲೆ ಒಂದು ಗಂಟೆ ಕೂರಿಸಿಯೇ ಒಳಗೆ ಬಿಡುತ್ತಿದ್ದರು.

ಕೇಸು ಇಷ್ಟೇ. ಮುದುಕಿ ಬಸ್ ನಿಲ್ದಾಣದಲ್ಲಿ ತಾನಾಗಿ ಇನ್‌ಸ್ಪೆಕ್ಟರನ ಮುಂದೆ ನಿಂತು ಬಟ್ಟೆಯ ಚೀಲ ಬಿಚ್ಚಿದ್ದಳು. ಒಳಗೆ ಬಿಳಿ ಪುಡಿಯ ಇಪ್ಪತ್ತು ಪೊಟ್ಟಣ. ಪೇಪರಿನಲ್ಲಿ ಬಂತಲ್ಲ, ಆ ಲಾರಿಯವರ ಮಾಲು ಇದು ಎಂದಿದ್ದಳು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದೆಂದರೆ ಇದೇ. ಲಾರಿಯ ಮಾಲೀಕ, ತಲೆಮರೆಸಿಕೊಂಡ ಡ್ರೈವರ್, ಮಂಚದ ಕೆಳಗೆ ಪುಡಿಯ ಡಬ್ಬಿ ಸಿಕ್ಕಿತೆಂದು ಹಿಡಿದು ತಂದ ಡ್ರೈವರನ ಹೆಂಡತಿ, ಗೋದಾಮಿನ ಕಾವಲುಗಾರ, ಹೀಗೆ ನಾಲ್ವರ ಮೇಲೆ ಮಾದಕ ವಸ್ತು ಸಾಗಣೆಯ ಸಂಚಿನ ಆರೋಪವಿತ್ತು. ಪೊಲೀಸರು ಖುಷಿಯಿಂದ ಐದನೆಯವಳಾಗಿ ಇವಳನ್ನೂ ಸೇರಿಸಿದರು.

"ನೋಡಿ ಅಮ್ಮ, ಸಂಚು ಅಂದ್ರೆ ಇಬ್ಬರು ಗೊತ್ತಿದ್ದೂ ಗೊತ್ತಿದ್ದೂ ಒಪ್ಕೊಂಡಿರಬೇಕು. ಪೊಲೀಸರ ಮುಂದೆ ಏನು ಹೇಳಿದ್ರೂ ಅದು ಕೋರ್ಟಲ್ಲಿ ನಿಲ್ಲಲ್ಲ. ಚೀಲದಲ್ಲಿ ಏನಿತ್ತೋ ಕಾಣೆ ಅನ್ನಿ, ಅರ್ಧ ಕೇಸು ಬಿತ್ತು. ಗೊತ್ತಿತ್ತು ಅಂದ್ರೆ ಹತ್ತು ವರ್ಷ ಒಳಗೆ."

"ಹತ್ತು ವರ್ಷ ಯಾರು ಬದುಕಿರ್ತಾರೆ ಬಿಡಿ. ಜಾಮೀನಿಗೆ ಮಾತ್ರ ಅರ್ಜಿ ಹಾಕಬೇಡಿ ಸಾರ್."

ಆ ನಾಲ್ವರಲ್ಲಿ ಯಾರ ಪರಿಚಯವಿದೆ ಎಂದರೆ, ಒಬ್ಬರನ್ನೂ ಕಾಣೆ ಎಂದಳು. ಪೊಟ್ಟಣ ಯಾರು ಕೊಟ್ಟರು ಎಂದರೆ, ಗೊತ್ತಿದ್ದೇ ತಂದದ್ದು ಎಂದು ಮತ್ತೆ ಅದೇ ಹಾಡು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುವ ಈ ಆಟ ವಕೀಲರಿಗೆ ಸಾಕಾಗಿತ್ತು. ಅವಳಿಗೋ ಪ್ರತಿ ಸಲವೂ ಅವಸರ. ಒಳಗೆ ಕೆಲಸವಿದೆ ಎಂದು ಅರ್ಧ ಮಾತಿಗೇ ಎದ್ದು ಹೋಗುವಳು. ರವಿಕೆಯ ತೋಳು ಮಡಿಸಿರುತ್ತಿತ್ತು, ಅಂಗೈಯಲ್ಲಿ ಎಣ್ಣೆಯ ಜಿಡ್ಡು. ಒಳಗಿನ ಗಟ್ಟಿಗಿತ್ತಿಯರು ಈ ವಯಸ್ಸಿನವಳ ಕೈಲಿ ಕಾಲು ಒತ್ತಿಸಿಕೊಳ್ಳುತ್ತಿದ್ದಾರೆ ಎಂದುಕೊಂಡರು ವಕೀಲರು.

ಯಾರನ್ನೋ ಉಳಿಸುತ್ತಿದ್ದಾಳೆ, ಅದರಲ್ಲಿ ಅನುಮಾನವಿಲ್ಲ. ಯಾವನೋ ಕೆಲಸಕ್ಕೆ ಬಾರದ ಮಗ ಇರಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು. ಅವನು ಹೊರಗೆ ಆರಾಮಾಗಿ ಸಿಗರೇಟು ಸೇದುತ್ತಿರುತ್ತಾನೆ, ಇವಳು ಇಲ್ಲಿ ಸಾಯುತ್ತಾಳೆ. ಇದನ್ನು ಮಾತ್ರ ಆಗಗೊಡಬಾರದು ಎಂದು ಅವರಿಗೆ ಅನ್ನಿಸಿತು. ಯಾವುದೇ ಕೇಸಿನಲ್ಲಿ ಹಾಗೆ ಅನ್ನಿಸಿ ಎಷ್ಟು ವರ್ಷವಾಗಿತ್ತೋ ಅವರಿಗೇ ನೆನಪಿರಲಿಲ್ಲ.

ಸುಳಿವು ಸಿಕ್ಕಿದ್ದು ಪೊಲೀಸರು ತೆಗೆದ ಫೋಟೋದಲ್ಲಿ. ಈ ದಂಧೆಯವರು ಪುಡಿಯನ್ನು ಪ್ಲಾಸ್ಟಿಕ್ಕಿಗೆ ಹಾಕಿ ಗಾಳಿಯಾಡದಂತೆ ಟೇಪು ಸುತ್ತುತ್ತಾರೆ. ಇಲ್ಲಿದ್ದದ್ದು ಕಾಗದದ ಪೊಟ್ಟಣ. ಮೂರು ಮಡಿಕೆ ಮಡಿಸಿ, ಒಂದು ಕಿವಿಯನ್ನು ಇನ್ನೊಂದರೊಳಗೆ ಸಿಕ್ಕಿಸಿದ್ದು. ಹಳೆಯ ಆಸ್ಪತ್ರೆಗಳ ಔಷಧದ ಕಿಟಕಿಯಲ್ಲಿ ಹೀಗೆ ಮಡಿಸಿ ಕೊಡುತ್ತಿದ್ದರು. ಮುದುಕಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳೆಂದು ಕಡತದಲ್ಲೇ ಬರೆದಿತ್ತು. ಕಟ್ಟಿದ್ದು ಅವಳೇ. ಹಾಗಾದರೆ ಕಟ್ಟಿದ್ದಾದರೂ ಏನನ್ನು?

ಪೊಲೀಸರು ಪುಡಿಯನ್ನು ಪರೀಕ್ಷೆಗೆ ಕಳಿಸಿ ಕೈ ತೊಳೆದುಕೊಂಡಿದ್ದರು. ಅಲ್ಲಿನ ವರದಿ ಬರಲು ಆರು ತಿಂಗಳು ಹಿಡಿಯುತ್ತಿತ್ತು. ವಕೀಲರು ನಾಲ್ಕು ದಿನ ಪ್ರಯೋಗಾಲಯದ ಬಾಗಿಲಲ್ಲಿ ಕೂತರು. ಗುಮಾಸ್ತನ ಕಾಲು ಹಿಡಿಯುವುದೊಂದು ಬಾಕಿ. ಕೊನೆಗೆ ಅವನೇ ಬೇಸತ್ತು ವರದಿ ಕೊಡಿಸಿದ. ಎಳೆಗೂಸಿಗೆ ಸ್ನಾನವಾದ ಮೇಲೆ ಹಚ್ಚುವ ಪೌಡರ್. ಬೇರೇನೂ ಇಲ್ಲ.

ಕೋರ್ಟಿನ ದಿನ ಮುದುಕಿಯನ್ನು ತಡವಾಗಿ ಕರೆತಂದರು. ಇವತ್ತೊಂದು ದಿನ ಬೇಡ, ನಾಳೆ ಬೇಕಾದರೆ ನೇಣಿಗೆ ಹಾಕಿ ಎಂದು ಗೇಟಿನ ಸರಳು ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಎಳೆದು ತರಬೇಕಾಯಿತು ಎಂದು ಕಾವಲಿನ ಹೆಂಗಸು ಗೊಣಗಿದಳು. ಶಿಕ್ಷೆಯ ಭಯ, ಪಾಪ, ಎಂದುಕೊಂಡರು ವಕೀಲರು.

ನ್ಯಾಯಾಧೀಶರು ವರದಿ ಓದಿ ಕನ್ನಡಕ ತೆಗೆದರು. ಇನ್‌ಸ್ಪೆಕ್ಟರನಿಗೂ ಮುದುಕಿಗೂ ಒಂದೊಂದು ಪಾಲು ಬೈಗುಳ ಕೊಟ್ಟು ಕೇಸಿನಿಂದ ಅವಳನ್ನು ಕೈಬಿಟ್ಟರು. ಉಳಿದದ್ದು ಒಂದೇ ತೊಡಕು. ಬಿಡುಗಡೆಯ ಕಾಗದಪತ್ರಕ್ಕಾಗಿ ಅವಳು ಆ ರಾತ್ರಿ ಮತ್ತೆ ಜೈಲಿಗೆ ಹೋಗಬೇಕು. ವಕೀಲರು ಬಿಡಲಿಲ್ಲ. ಕೈ ಮುಗಿದರು, ಅವಳ ವಯಸ್ಸು ಹೇಳಿದರು, ಒಂದು ರಾತ್ರಿಯೂ ಆ ನರಕ ಬೇಡ ಎಂದು ವಾದಿಸಿದರು. ನ್ಯಾಯಾಧೀಶರು ಕರಗಿ, ಇಲ್ಲಿಂದಲೇ ಬಿಟ್ಟುಬಿಡಿ ಎಂದು ಬರೆದರು.

ಹೊರಗೆ ಮೆಟ್ಟಿಲ ಮೇಲೆ ಮುದುಕಿ ಕುಸಿದು ಕೂತಳು. ಸಂತೋಷಕ್ಕೂ ಹೀಗಾಗುತ್ತದೆ, ವಕೀಲರು ಕಂಡಿದ್ದರು. ಮುಗೀತಮ್ಮ, ಇನ್ನು ಮನೆಗೆ ಹೋಗಿ ಎಂದು ಅವರು ಹೇಳುತ್ತಿರುವಾಗಲೇ ಜೈಲಿನ ವ್ಯಾನು ಹೊರಟಿತು. ಅವಳು ಎದ್ದು ಅದರ ಹಿಂದೆ ಓಡಿದಳು. ಗೇಟಿನವರೆಗೂ ಓಡಿ, ಬಾಗಿಲು ಬಡಿದು, ಹತ್ತಿಸಿಕೊಳ್ಳದೆ ಹೋದದ್ದನ್ನು ನೋಡುತ್ತ ನಿಂತಳು. ವಕೀಲರು ಏದುಸಿರು ಬಿಡುತ್ತ ಬಂದು ಅವಳ ತೋಳು ಹಿಡಿದರು.

"ಆ ಡ್ರೈವರನ ಹೆಂಡತಿ ನನ್ನ ಮಗಳು ಸಾರ್, ಬೆಳಗಿನ ಜಾವದಿಂದ ಹೆರಿಗೆ ನೋವು ತಿಂತಿದಾಳೆ, ಅವಳ ಹತ್ರ ಇರೋಕೆ ಅಂತಲೇ ನಾನು ಒಳಗೆ ಹೋಗಿದ್ದು."