ಹತ್ತನೆಯ ಪೆಟ್ಟು

ಚರ್ಚಿನ ಸಾವಿನ ಗಂಟೆ ಒಂಬತ್ತನೆಯ ಪೆಟ್ಟಿಗೆ ನಿಂತುಹೋದಾಗ ಬೇಕರಿಯವಳು ಹಿಟ್ಟು ಮೆತ್ತಿದ ಕೈಯಲ್ಲೇ ಶಾಲೆಯ ಕಡೆ ಓಡಿದಳು. ಭಟ್ಟಿಯಲ್ಲಿದ್ದ ಬ್ರೆಡ್ಡು ಕರಕಲಾದರೆ ಆಗಲಿ. ಆ ಊರಿನಲ್ಲಿ ಸತ್ತವರಿಗೆ ವಯಸ್ಸಿನ ವರ್ಷಕ್ಕೊಂದು ಪೆಟ್ಟು. ಎಪ್ಪತ್ತೆಂಟು ಬಿದ್ದರೆ ಯಾರೋ ವಯಸ್ಸಾದವರು ಎಂದುಕೊಂಡು ಜನ ಒಂದು ಗಳಿಗೆ ನಿಂತು, ಶಿಲುಬೆಯ ಗುರುತು ಹಾಕಿಕೊಂಡು, ಮತ್ತೆ ತಮ್ಮ ಕೆಲಸಕ್ಕೆ ಕೈಹಚ್ಚುತ್ತಿದ್ದರು. ಒಂಬತ್ತಕ್ಕೇ ನಿಂತದ್ದನ್ನು ಕೇಳಿ ಯಾವ ತಾಯಿ ತಾನೇ ಸುಮ್ಮನಿದ್ದಾಳು? ಬೇಕರಿಯವಳ ಮಗಳಿಗೆ ಒಂಬತ್ತು ವರ್ಷ.

ಬೀದಿಯಲ್ಲಿ ಅವಳೊಬ್ಬಳೇ ಇರಲಿಲ್ಲ. ಬಟ್ಟೆ ಹೊಲಿಯುವವಳು ಕೊರಳಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಬಂದಿದ್ದಳು, ಔಷಧಿ ಅಂಗಡಿಯವಳ ಒಂದು ಕಾಲಿನಲ್ಲಿ ಚಪ್ಪಲಿಯೇ ಇರಲಿಲ್ಲ. ದಿನಾ ಬೀದಿಯಲ್ಲಿ ನಿಂತು ಗಂಟೆಗಟ್ಟಲೆ ಹರಟುವ ಈ ಮೂವರೂ ಈಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನ್ನದಾಗದಿರಲಿ ಕರ್ತನೇ, ನನ್ನದಾಗದಿರಲಿ ಎಂದು ಒಳಗೊಳಗೇ ಬೇಡುತ್ತ ಓಡಿದರು. ಹಾಗೆಂದರೆ ಪಕ್ಕದವಳದ್ದಾಗಲಿ ಎಂದ ಹಾಗಾಯಿತಲ್ಲ ಎಂದು ಯಾರಿಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ನಾಲ್ಕನೆಯ ತರಗತಿಯಲ್ಲಿ ಮಕ್ಕಳು ರಾಗವಾಗಿ ಮಗ್ಗಿ ಹೇಳುತ್ತಿದ್ದರು. ಒಂದು ತಲೆಯೂ ಕಡಿಮೆ ಇರಲಿಲ್ಲ.

ಹೆದರಿಕೆ ಇಳಿಯಿತು, ಸಿಟ್ಟು ಏರಿತು. ಬೇಕರಿಯವಳು ಸೀದಾ ಚರ್ಚಿಗೆ ಬಂದಳು. ಗೋಪುರದ ಕೆಳಗೆ, ಹಗ್ಗದ ಪಕ್ಕದ ಕಲ್ಲಿನ ಮೇಲೆ ಗಂಟೆಯಜ್ಜ ಕೂತಿದ್ದ. ಗಡ್ಡ ಬೇಗ ನೆರೆತದ್ದಕ್ಕೆ ಊರು ತಮಾಷೆಗೆ ಇಟ್ಟ ಹೆಸರು ಅದು. ನಿಜವಾಗಿ ಅಜ್ಜನಾಗುವುದಕ್ಕೆ ಅವನು ಈ ವರ್ಷ ದಿನ ಎಣಿಸುತ್ತಿದ್ದದ್ದೂ ಊರಿಗೆ ಗೊತ್ತಿತ್ತು. ಸಿಟ್ಟಿನಲ್ಲಿ ಅದೆಲ್ಲ ಎಲ್ಲಿ ನೆನಪಿರುತ್ತದೆ? ವಯಸ್ಸಾಯಿತು, ಎಣಿಕೆ ತಪ್ಪುತ್ತದೆ, ಹಗ್ಗವನ್ನು ಬೇರೆಯವರ ಕೈಗೆ ಕೊಟ್ಟು ಮನೆಯಲ್ಲಿ ಬಿದ್ದಿರಬಾರದೇ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡ.

"ಎಣಿಕೆ ತಪ್ಪಿಲ್ಲಮ್ಮ," ಎಂದ. "ಒಂಬತ್ತು ವರ್ಷ ಅಲ್ಲ, ಒಂಬತ್ತು ತಿಂಗಳು. ನನ್ನ ಮಗಳ ಹೊಟ್ಟೇಲಿ."

ಅವನು ತಡೆದು ತಡೆದು ಹೇಳಿದ್ದು ಇಷ್ಟು: ನಿನ್ನೆ ಹುಟ್ಟಿದ ಮಗು ಅಳಲೇ ಇಲ್ಲ. ಬೆಳಿಗ್ಗೆ ಅವನೂ ಅಳಿಯನೂ ಮಣ್ಣು ಮಾಡಿ ಬಂದರು. ಮಗಳು ಕೇಳಿದ್ದು ಒಂದೇ ಮಾತು, ನನ್ನ ಮಗುವಿಗೆ ಎಷ್ಟು ಪೆಟ್ಟು ಬಾರಿಸುತ್ತೀಯ ಅಂತ. ಉಸಿರಾಡದ ಮಗುವಿಗೆ ಗಂಟೆಯಿಲ್ಲ, ಅದು ಹಿಂದಿನಿಂದ ಬಂದ ಕ್ರಮ ಎಂದು ಪಾದ್ರಿಗಳು ಹೇಳಿದರು. ಪಾಪ, ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು. ಮೂವತ್ತು ವರ್ಷ ಮದುವೆಗೂ ಮಣ್ಣಿಗೂ ಅದೇ ಹಗ್ಗ ಎಳೆದವನು ಅವನು. ಕಾಲ ಬದಲಾಗುತ್ತದೆ, ದೇವರು ಬದಲಾಗುವುದಿಲ್ಲ, ನಂಬಿ ಎಂದು ಎಷ್ಟು ಸಾವಿನ ಮನೆಗಳಲ್ಲಿ ಹೇಳಿದ್ದನೋ. ಮಗಳ ಎದುರು ನಿಂತಾಗ ಆ ಮಾತು ಆಡಲಾಗಲಿಲ್ಲ. ಅವಳು ಹಾಸಿಗೆಯ ತಲೆಯ ಕಡೆ ತೂಗುಹಾಕಿದ್ದ ಶಿಲುಬೆಯನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟಿದ್ದಳು. ಇಂಥದೊಂದು ಮಗು ಇತ್ತು ಅಂತ ಗಂಟೆಯೂ ಹೇಳದಿದ್ದರೆ ಬದುಕಿರುವ ತನಕ ಪ್ರಾರ್ಥನೆಗೆ ಬಾಯಿ ತೆರೆಯುವುದಿಲ್ಲ ಎಂದಿದ್ದಳು. ಮೊಮ್ಮಗುವಂತೂ ಹೋಯಿತು, ಇನ್ನು ಮಗಳೂ ಕೈತಪ್ಪಿದರೆ ಎಂದು ಅವನು ಹೆದರಿದ. ಕ್ರಮ ಮುರಿದವನು ಮತ್ತೆ ಹಗ್ಗ ಮುಟ್ಟುವಂತಿಲ್ಲ. ಗೋಪುರದ ಬಾಗಿಲು ತೆಗೆದು, ಬೀಗದ ಕೈಯನ್ನು ಪಾದ್ರಿಗಳ ಮೇಜಿನ ಮೇಲಿಟ್ಟು ಬಂದು, ಆಮೇಲೆ ಬಾರಿಸಿದ್ದ.

"ಊರಿನ ತಾಯಂದಿರು ಹೆದರಿ ಓಡ್ತಾರೆ ಅಂತ ಹೊಳೀಲೇ ಇಲ್ಲ," ಎಂದ. "ತಪ್ಪಾಯ್ತಮ್ಮ."

ಬೇಕರಿಯವಳಿಗೆ ಶಾಲೆಯ ದಾರಿಯಲ್ಲಿ ತಾನು ಬೇಡಿಕೊಂಡದ್ದು ಈಗ ನೆನಪಾಗಿ ನಾಚಿಕೆಯಾಯಿತು. ತನ್ನದಲ್ಲ, ಸರಿ, ಇವನ ಮನೆಯದಾಯಿತು. "ಏಳಿ ಅಜ್ಜ, ಮನೆಗೆ ಹೋಗೋಣ," ಎಂದು ಕೈ ಹಿಡಿದಳು. ಅಜ್ಜ ಎನ್ನುವುದನ್ನು ಇಷ್ಟು ವರ್ಷ ನಕ್ಕು ಕೇಳಿಸಿಕೊಂಡವನು ಈಗ ಬಿಕ್ಕಿ ಬಿಕ್ಕಿ ಅತ್ತ.

ಮನೆಯಲ್ಲಿ ಮಗಳು ಒಬ್ಬಳೇ ಇದ್ದಳು. ಅಳಿಯ ಆಸ್ಪತ್ರೆಯ ಕಾಗದಗಳಿಗಾಗಿ ಹೋಗಿದ್ದ. ಅವಳು ಕಿಟಕಿಯ ಕಡೆ ಮುಖ ಮಾಡಿ ಹಾಸಿಗೆಯಲ್ಲಿ ಕೂತಿದ್ದಳು. ಅಲ್ಲಿಂದ ಗೋಪುರ ಕಾಣುತ್ತಿತ್ತು. ಶಿಲುಬೆ ಇನ್ನೂ ಗೋಡೆಯನ್ನೇ ನೋಡುತ್ತಿತ್ತು. ಬೆಳಗಾದರೆ ಬಾಯಿಗೆ ಬಿಡುವಿಲ್ಲದ ಬೇಕರಿಯವಳು ಹಾಸಿಗೆಯ ತುದಿಯಲ್ಲಿ ಕೂತು, ಕೈಯಲ್ಲಿ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಕೇಳಿಸ್ತಾ?" ಎಂದ ಅಪ್ಪ.

"ಒಂಬತ್ತೂ ಕೇಳಿಸ್ತು." ಅವಳು ತಿರುಗಲಿಲ್ಲ. "ಆಮೇಲೆ ಹತ್ತನೇದಕ್ಕೆ ಕಾದೆ."

"ಹತ್ತನೇದು ಇಲ್ಲ ಮಗಳೇ."

"ಗೊತ್ತು."

ಅವಳ ಕಣ್ಣು ಗೋಪುರದ ಮೇಲೆಯೇ ಇತ್ತು.

"ಇಲ್ಲ ಅಂತ ಗೊತ್ತಿದ್ದೂ ಇನ್ನೂ ಕಾಯ್ತಾನೇ ಇದೀನಪ್ಪ," ಎಂದಳು. "ಊರಿಗೆಲ್ಲ ನಂಬಿ ನಂಬಿ ಅಂತ ಹೇಳ್ತಿದ್ದೆಯಲ್ಲ. ನಂಬೋದು ಅಂದ್ರೆ ಇದೇನಾ?"