ವಿಮಾನದ ಪಕ್ಷ

ಕಾಲೇಜಿನ ಸಭಾಂಗಣದಲ್ಲಿ ಇಬ್ಬರು ಇತಿಹಾಸದ ಮೇಷ್ಟ್ರುಗಳು ತಾಳಮದ್ದಳೆಯ ಅರ್ಥಧಾರಿಗಳ ಹಾಗೆ ತೊಡೆ ತಟ್ಟಿ ವಾದಕ್ಕಿಳಿದಿದ್ದರು. ಐವತ್ತು ವರ್ಷಗಳ ಹಿಂದೆ, ಎರಡನೇ ಮಹಾಯುದ್ಧದಲ್ಲಿ, ಜರ್ಮನಿಯ ದಂಡು ಬ್ರಿಟನ್ನಿಗೆ ನುಗ್ಗದಂತೆ ತಡೆದದ್ದು ಬ್ರಿಟನ್ನಿನ ವಿಮಾನಗಳೇ ಎಂದರು ಒಬ್ಬರು. ನುಗ್ಗುವ ಮನಸ್ಸೇ ಜರ್ಮನಿಗೆ ಇರಲಿಲ್ಲ, ಬಾಂಬು ಸುರಿದದ್ದೆಲ್ಲ ಬರೀ ಹೆದರಿಸುವ ಆಟ ಎಂದರು ಇನ್ನೊಬ್ಬರು.

"ಲಂಡನ್ನಿನ ಬಂದರಲ್ಲಿ ಸಕ್ಕರೆ ಗೋದಾಮು ಸುಟ್ಟು ಬೀದಿಯಲ್ಲೆಲ್ಲ ಪಾಕ ಹರಿಯಿತಂತೆ. ಜಿಲೇಬಿ ಅದ್ದುವುದೊಂದೇ ಬಾಕಿ!" ಎಂದು ಆ ಇನ್ನೊಬ್ಬರೇ ಚಟಾಕಿ ಹಾರಿಸಿದರು.

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಲಚ್ಚಕ್ಕ ಮಾತ್ರ ನಗಲಿಲ್ಲ. ಅವಳ ಅಪ್ಪ ಹಡಗಿನ ಖಲಾಸಿಯಾಗಿ ಹೋಗಿ ಅದೇ ಬಂದರಿನ ಬೆಂಕಿಯಲ್ಲಿ ಬೆಂದವನು. ಊರಿಗೆ ಬಂದದ್ದು ಒಂದು ತಂತಿ ಮಾತ್ರ, ಮೂಳೆಯೂ ಬರಲಿಲ್ಲ.

ಸಭೆ ಮುಗಿದ ಮೇಲೆ ಅವಳು ಜಿಲೇಬಿಯ ಮೇಷ್ಟ್ರನ್ನು ಹುಡುಕಿ ಹೋದಳು. ಅವರು ಗೋಳಿಬಜೆ ತಿನ್ನುತ್ತಿದ್ದರು.

"ನನ್ನ ಅಪ್ಪಯ್ಯ ಸತ್ತದ್ದು ಆ ಬಂದರಲ್ಲೇ ಮಾರಾಯ್ರೆ. ದೊಡ್ಡ ಕೆಲಸಕ್ಕೆ ಜೀವ ಕೊಟ್ಟರು ಅಂತ ಅಮ್ಮ ಸಾಯುವವರೆಗೂ ಹೇಳ್ತಿದ್ದಳು. ಹಾಗಾದ್ರೆ ಅವರು ಸುಮ್ಮನೆ ಸತ್ತದ್ದಾ?"

ಮೇಷ್ಟ್ರು ಬೆರಳಿಗಂಟಿದ ಚಟ್ನಿಯನ್ನು ನಿಧಾನಕ್ಕೆ ನೆಕ್ಕಿಕೊಂಡರು. ಎದುರು ಪಕ್ಷದ ಮೇಷ್ಟ್ರು ಅವರ ತಟ್ಟೆಯಿಂದಲೇ ಒಂದು ಗೋಳಿಬಜೆ ಎತ್ತಿ ಬಾಯಿಗೆ ಹಾಕಿಕೊಂಡು ಕಣ್ಣು ಮಿಟುಕಿಸಿದರು.

"ಛೆ ಛೆ, ಬೇಜಾರು ಮಾಡ್ಬೇಡಿ ಅಮ್ಮ. ಬರುವ ಆದಿತ್ಯವಾರ ಉಡುಪಿಗೆ ಬನ್ನಿ," ಎಂದರು ಜಿಲೇಬಿಯ ಮೇಷ್ಟ್ರು. "ಅಲ್ಲಿ ನಾವಿಬ್ಬರೂ ಪಕ್ಷ ಅದಲುಬದಲು. ನಿಮ್ಮ ಅಪ್ಪಯ್ಯ ಸತ್ತದ್ದು ಸಾರ್ಥಕ ಅಂತ ನಾನೇ ವಾದ ಮಾಡ್ತೇನೆ."