ಹತ್ತು ನಿಮಿಷದ ಹಲ್ಲು

"ಅದನ್ನ ಮುಟ್ಟಬ್ಯಾಡ್ರಿ!"

ಸೌಭಾಗ್ಯ ಕೂಗುವಷ್ಟರಲ್ಲಿ ಆ ಹೆಂಗಸು ಮೇಜಿನ ಮೇಲಿದ್ದ ಹಲ್ಲಿನ ಸೆಟ್ಟನ್ನು ಕೈಗೆತ್ತಿಕೊಂಡಾಗಿತ್ತು. ಹೇಳದೆ ಕೇಳದೆ ಒಳಗೆ ಬಂದಿದ್ದಳು. ಹೊರಗೆ ಯಾರೋ ಮೋಟರ್ ಸೈಕಲ್ ಬಂದ್ ಮಾಡದೆ ಕಾಯುತ್ತಿದ್ದರು.

"ಇದು ಸಗರದ ಚಂದ್ರಾಮಪ್ಪಂದಲ್ರಿ? ನಾ ಅವನ ಮಗಳು, ರೇಣಮ್ಮ. ಒಯ್ಯಾಕ ಬಂದೀನಿ."

ಸೆಟ್ಟು ಚಂದ್ರಾಮಪ್ಪನದೇ. ಶಹಾಪುರದ ಬಸ್ ನಿಲ್ದಾಣದ ಹಿಂದಿನ ಈ ಒಂದೇ ಕೋಣೆಯ ಲ್ಯಾಬಿನಲ್ಲಿ ಸೌಭಾಗ್ಯ ಹನ್ನೊಂದು ವರ್ಷಗಳಿಂದ ಹಲ್ಲು ಕಟ್ಟುತ್ತಿದ್ದಳು. ಮೇಣದಲ್ಲಿ ಕೆತ್ತಬೇಕು, ಅಚ್ಚು ಹಾಕಬೇಕು, ಬೇಯಿಸಬೇಕು, ಉಜ್ಜಬೇಕು. ಈ ಸೆಟ್ಟು ಮಾತ್ರ ನಿನ್ನೆ ಸಂಜೆ ಹೊಸ 3ಡಿ ಪ್ರಿಂಟರಿನಿಂದ ಇಳಿದದ್ದು. ಆ ಯಂತ್ರದಲ್ಲಿ ಅವಳು ಮಾಡಿದ ಮೊದಲನೆಯದು.

ಪಕ್ಕದ ದವಾಖಾನೆಯ ಡಾಕ್ಟರು ಚಂದ್ರಾಮಪ್ಪನ ಅಳತೆ ತೆಗೆದು ಕಳಿಸಿ ಮೂರು ತಿಂಗಳಾಗಿತ್ತು. ಕೈಯಿಂದ ಮಾಡಿದ್ದರೆ ಒಂದು ವಾರದ ಕೆಲಸ. ಆದರೆ ಆಗಲೇ ಅವಳ ತಲೆಯಲ್ಲಿ ಪ್ರಿಂಟರ್ ಹೊಕ್ಕಿತ್ತು. ಅದು ತನ್ನ ಕೈಗೆಟುಕಬೇಕು, ಅಗ್ಗದ್ದೆಂದು ಕೈಕೊಡಲೂಬಾರದು. ಒಂದರಲ್ಲಿ ಹಲ್ಲು ಅಚ್ಚಾಗುವ ತಟ್ಟೆ ಚಿಕ್ಕದು. ಇನ್ನೊಂದಕ್ಕೆ ಅದೇ ಕಂಪನಿಯ ರೆಸಿನ್ನೇ, ಹಲ್ಲಾಗಿ ಗಟ್ಟಿಯಾಗುವ ಆ ದ್ರವವೇ, ಸುರಿಯಬೇಕು. ಮತ್ತೊಂದು ಕೆಟ್ಟರೆ ಹೈದರಾಬಾದಿನಿಂದ ಮಂದಿ ಬರಬೇಕು. ಯಂತ್ರ ಆರಿಸಿದ ಮೇಲೆ ರೆಸಿನ್ನಿನ ಚಿಂತೆ. ಯಾವುದು ಬಾಯಲ್ಲಿ ಬಾಳುತ್ತದೆ, ಯಾವುದು ಬರೀ ಅಚ್ಚಿಗೆ, ಯಾವುದು ಈ ಬಿಸಿಲಿಗೆ ಬಾಟಲಿಯಲ್ಲೇ ಕೆಡುತ್ತದೆ? ನೋಡಿದಷ್ಟೂ ಗೊಂದಲ. ನೋಡುತ್ತಲೇ ಇದ್ದಳು.

ಅಷ್ಟರಲ್ಲಿ ಮುದುಕ ನಾಲ್ಕು ಸಲ ಬಸ್ಸು ಹತ್ತಿ ಬಂದು ಹೋಗಿದ್ದ. ಟವೆಲಿನ ತುದಿಯಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದ.

"ಮಷೀನ ಬಂತೇನವ್ವ?"

"ಬರೋ ವಾರ ಬರ್ತದ ಅಜ್ಜಾ. ನಿಂದ ಮೊದಲು ಮಾಡ್ತೀನಿ."

"ಬರ್ಲಿ ಬರ್ಲಿ. ರೊಟ್ಟಿ ಕಡದು ತಿಂದು ವರ್ಷಾತು. ಇನ್ನೊಂದು ವಾರಕ್ಕ ಏನಾಗ್ತದ?"

ಸೊಸೆಯಂದಿರ ಮುಂದೆ ಕೂತು ಉಣ್ಣಲೂ ಅವನಿಗೆ ನಾಚಿಕೆಯಂತೆ. ಗೋಡೆಗೆ ಮುಖ ಮಾಡಿ ಉಣ್ಣುತ್ತೇನೆಂದು ಒಮ್ಮೆ ತಾನೇ ಹೇಳಿದ್ದ, ನಗುತ್ತ, ಟವೆಲಿನ ಹಿಂದೆ.

"ಇದು ಅಳತಿ ನೋಡಾಕ ಮಾಡಿದ್ದು," ಎಂದಳು ಸೌಭಾಗ್ಯ. "ಹತ್ತು ನಿಮಿಷ ಬಾಯಾಗ ಇಟ್ಟು ತೆಗಿಬೇಕು, ಅಷ್ಟ. ಖರೇ ಸೆಟ್ಟಿನ ರೆಸಿನ್ ಸೋಮವಾರ ಬರ್ತದ."

"ಸೋಮವಾರ ಬ್ಯಾಡ್ರಿ. ಇವತ್ತ ಬೇಕು. ಇದ ಸಾಕು."

"ಇದರ ರೆಸಿನ್ನಿಗೆ ವಸಡು ಉರಿತದ್ರಿ."

"ಉರಿಯಂಗಿಲ್ಲ."

"ಏನರೆ ಕಡದ್ರ ಮುರಿತದ."

"ಕಡಿಯಂಗಿಲ್ರಿ."

ಸೌಭಾಗ್ಯಳಿಗೆ ರೇಗಿತು. ಬಾಯಿ ಅಪ್ಪನದು, ಅಪ್ಪಣೆ ಮಗಳದು!

"ಮನ್ಯಾಗ ಏನರೆ ಕಾರ್ಯ ಅದೇನ್ರಿ?"

ರೇಣಮ್ಮ ಬಾಗಿಲ ಕಡೆ ನೋಡಿದಳು. "ಹೂಂ. ಬೀಗರು ಬಿಜ್ಜರು ಎಲ್ಲಾರೂ ಬರಾಕತ್ತಾರ. ವಡಗೇರಾದಿಂದ ಅಕ್ಕ ಹೊಂಟಾಳ. ಅಪ್ಪಗ ಹೊಸ ಧೋತರ ಉಡಿಸೀವಿ. ಫೋಟೋ ತೆಗಿಸಬೇಕು."

ಫೋಟೋಗಾಗಿ ಇಷ್ಟೆಲ್ಲ. ಮುದುಕನ ಹಸಿವು ಯಾರಿಗೂ ಬೇಕಿಲ್ಲ, ಬೀಗರ ಮುಂದೆ ಹಲ್ಲು ಕಂಡರಾಯಿತು.

"ಹಂಗಾದ್ರ ಅಜ್ಜನ್ನ ಒಂದು ಸಲ ಕರಕೊಂಡು ಬರ್ರಿ. ಹಾಕಿ ನೋಡದ ಕೊಟ್ರ ಎಲ್ಲೆರ ಚುಚ್ಚತದ."

"ಅವಗ ಬರಾಕ ಆಗಂಗಿಲ್ರಿ." ರೇಣಮ್ಮನ ಕಣ್ಣು ಕೆಂಪಗಿದ್ದವು. ದಾರಿಯ ಧೂಳು ಹೊಕ್ಕಿರಬೇಕು. "ನಾಕ ಸಲ ಬಂದಾನಲ್ರಿ ನಿಮ್ಮ ಹಂತ್ಯಾಕ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸೌಭಾಗ್ಯ ತಿರುಗಿ ಜಗಳ ಕಾಯುತ್ತಿದ್ದಳು. ಈಗ ಸೆಟ್ಟನ್ನು ಇಸಿದುಕೊಂಡು ಕುರ್ಚಿ ಎಳೆದು ಕೂತಳು.

ಒಂದು ತಾಸು ಕೂತಳು. ಅಂಚುಗಳನ್ನು ಉಜ್ಜಿ ನುಣುಪು ಮಾಡಿದಳು. ವಸಡಿನ ಭಾಗಕ್ಕೆ ಗುಲಾಬಿ ಬಣ್ಣ ಹಚ್ಚಿದಳು, ಎಲ್ಲ ಕಡೆ ಒಂದೇ ಸಮ ಅಲ್ಲ, ಬೇರಿನ ಹತ್ತಿರ ತುಸು ಗಾಢವಾಗಿ, ನಿಜವಾದ ವಸಡಿನ ಹಾಗೆ. ಹತ್ತು ನಿಮಿಷಕ್ಕೆಂದು ಮಾಡಿದ್ದಕ್ಕೆ ಇಷ್ಟು ಯಾರೂ ದುಡಿಯುವುದಿಲ್ಲ. ಮೂರು ತಿಂಗಳ ತಪ್ಪು ಕೈಯನ್ನು ಹಾಗೆ ಓಡಿಸುತ್ತಿತ್ತು.

ಹೊರಗಿನವನು ಎರಡು ಸಲ ಹಾರ್ನ್ ಹೊಡೆದ. ರೇಣಮ್ಮ ಏಳಲಿಲ್ಲ. ಸ್ಟೂಲಿನ ಮೇಲೆ ಕೂತು ಸೌಭಾಗ್ಯಳ ಬೆರಳುಗಳನ್ನೇ ನೋಡುತ್ತಿದ್ದಳು.

"ಮುಂದಿನ ಎರಡು ಹಲ್ಲಿನ ನಡುವ ಸಂದು ಉಳದದಲ್ರಿ?"

"ಉಳದಿಲ್ಲ, ಬಿಟ್ಟೀನಿ. ಅಜ್ಜನೇ ಹೇಳ್ಯಾನ. ಹರೇದಾಗ ಹಂಗ ಇತ್ತಂತ. ಸಂದು ಇಲ್ಲಂದ್ರ ಮನ್ಯಾಗ ಯಾರೂ ಗುರ್ತು ಹಿಡಿಯಂಗಿಲ್ಲ ಅಂದ."

ರೇಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗುತ್ತಿದ್ದವು. ಸೌಭಾಗ್ಯಳಿಗೂ ನಗು ಬಂತು. ಅಜ್ಜ ಮಾತುಗಾರನೇ.

ಸೆಟ್ಟನ್ನು ತೊಳೆದು, ಒರೆಸಿ, ಡಬ್ಬಿಯಲ್ಲಿ ಹತ್ತಿಯ ಮೇಲಿಟ್ಟಳು. ಕೊಡುವಾಗ ಡಬ್ಬಿಯನ್ನು ಪೂರ್ತಿ ಬಿಡಲಿಲ್ಲ.

"ಫೋಟೋ ಆದ ಕೂಡ್ಲೆ ತೆಗೆದು ನೀರಾಗ ಹಾಕ್ರಿ. ಮಲಗೂವಾಗಂತೂ ಬಾಯಾಗ ಬಿಡಬ್ಯಾಡ್ರಿ. ಸೋಮವಾರ ಹೊಸಾದು ನಾನ ಸಗರಕ್ಕ ತಂದು ನನ್ನ ಕೈಲೇ ಹಾಕ್ತೀನಿ. ಮಾತು ಕೊಡ್ರಿ ನನಗ, ತೆಗಿತೀನಿ ಅಂತ."

ರೇಣಮ್ಮ ಡಬ್ಬಿಯನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಳು.

"ತೆಗ್ಯಂಗಿಲ್ರಿ ಅಕ್ಕಾರ. ಅಪ್ಪ ನಸುಕಿನ್ಯಾಗ ತೀರಿಕೊಂಡಾನ, ನಾಕ ಗಂಟೆಕ್ಕ ಮಣ್ಣು ಮಾಡ್ತಾರ."